ಬೀಳುವವರ ವಾರ್ಡು

ಆ ಊರಿನ ರಸ್ತೆ ಆಸ್ಪತ್ರೆಯ ಬಾಗಿಲಿಗೆ ಬಂದು ಮುಗಿಯುತ್ತಿತ್ತು. ಅದರಾಚೆ ಗುಡ್ಡ, ಗುಡ್ಡದಾಚೆ ಮತ್ತೊಂದು ಗುಡ್ಡ. ದಿನಕ್ಕೊಂದು ಸಲ ಬರುವ ಬಸ್ಸು ತಿರುಗಿಸಿಕೊಳ್ಳಲು ಜಾಗ ಸಾಲದೆ ಹಿಂದೆ ಮುಂದೆ ಏಗಾಡಿ, ಹೊಗೆಯನ್ನೆಲ್ಲ ಹಿಂಬದಿಯ ವಾರ್ಡಿನ ಕಿಟಕಿಗೆ ಉಗುಳಿ ಹೋಗುತ್ತಿತ್ತು. ಆ ವಾರ್ಡಿನ ಗೋಡೆಯ ಮೇಲೆ ಏನೋ ಉದ್ದನೆಯ ಹೆಸರು ಬರೆಸಿದ್ದರು. ಅದನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಬಸ್ಸಿನ ಕಂಡಕ್ಟರಿನಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರ ಬಾಯಲ್ಲೂ ಅದು ಬೀಳುವವರ ವಾರ್ಡು.

ಅಲ್ಲಿ ಮಂಚಗಳಿರಲಿಲ್ಲ. ಮೂರ್ಛೆ ರೋಗದವರು ಮಂಚದಿಂದ ಉರುಳಿ ಇನ್ನೊಂದು ಗಾಯ ಮಾಡಿಕೊಳ್ಳುವುದು ಬೇಡವೆಂದು ಹಾಸಿಗೆಗಳನ್ನೆಲ್ಲ ನೆಲದ ಮೇಲೇ ಹಾಕಿದ್ದರು. ಉದ್ದೇಶವೇನೋ ಒಳ್ಳೆಯದೇ. ಆದರೆ ನೆಲದ ಮೇಲೆ ಮಲಗಿದವರನ್ನು ನಿಂತವರು ನೋಡುವ ನೋಟ ಇದೆಯಲ್ಲ, ಅದಕ್ಕೆ ಆ ಆಸ್ಪತ್ರೆಯಲ್ಲಿ ಔಷಧಿ ಇರಲಿಲ್ಲ. ಬೇರೆ ವಾರ್ಡಿನ ರೋಗಿಗಳು, ಸ್ವತಃ ಹುಣ್ಣು ಕೀವು ತುಂಬಿಕೊಂಡವರು, ಬಾಗಿಲ ಹತ್ತಿರ ಬಂದು ಮೂಗಿಗೆ ಬಟ್ಟೆ ಹಿಡಿದು ಇಣುಕಿ ಹೋಗುತ್ತಿದ್ದರು. ಗಾಳಿಯಲ್ಲಿ ಅಂಟುವ ರೋಗವೆಂದು ಅವರಿಗೆ ಯಾರು ಹೇಳಿಕೊಟ್ಟಿದ್ದರೋ!

ಟೈಲರಮ್ಮನನ್ನು ಅಲ್ಲಿಗೆ ತಂದದ್ದು ಸುಟ್ಟ ಕೈಗೆ ಒದ್ದೆ ಬಟ್ಟೆ ಸುತ್ತಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ತನ್ನೂರಿನ ಅರ್ಧ ಜನಕ್ಕೆ ಅಂಗಿ ಹೊಲಿದು ಕೊಡುತ್ತಿದ್ದವಳು ಅವಳು. ಯಾರದೋ ಹೊಸ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತ ನಿಂತಿದ್ದಳು; ನಿಂತವಳು ಹಾಗೇ ಇಸ್ತ್ರಿ ಪೆಟ್ಟಿಗೆಯ ಮೇಲೆ ಬಿದ್ದಳು. ಎಚ್ಚರವಾದಾಗ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದುಹೋಗಿತ್ತು. ಅಂಗಿಯೂ ಬೆಂದಿತ್ತು. ಅವಳ ಅತ್ತೆ ಮೊದಲು ನೋಡಿದ್ದು ಅಂಗಿಯನ್ನು.

"ಊರೋರ ಬಟ್ಟೆ ಸುಟ್ಟು ಕೂತಿದ್ದೀಯಲ್ಲೇ, ದರಿದ್ರದೋಳೇ! ಈಗ ಅವರಿಗೆ ಏನು ಅಂತ ಮುಖ ತೋರಿಸೋದು?"

ಆ ಮನೆಯಲ್ಲಿ ಕತ್ತರಿ ಇದ್ದದ್ದು ಟೈಲರಮ್ಮನ ಕೈಯಲ್ಲಾದರೂ ಹರಿತವಿದ್ದದ್ದು ಅತ್ತೆಯ ನಾಲಿಗೆ. ಸೊಸೆ ಮೊದಲ ಸಲ ಬಿದ್ದದ್ದು ಮಗಳು ಹೊಟ್ಟೆಯಲ್ಲಿದ್ದಾಗ. ಅಂದಿನಿಂದ ಅತ್ತೆ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. 'ಬೀಳೋಳು' ಅಷ್ಟೇ. ಬೀಳೋಳು ಉಂಡಳಾ, ಬೀಳೋಳು ಎದ್ದಳಾ. ಮಗಳು ಹುಟ್ಟಿದ ಮೇಲಂತೂ ಕೇಳುವುದೇ ಬೇಡ. "ಬೀಳೋಳ ಕೈಗೆ ಮಗು ಕೊಡೋದುಂಟಾ?" ಎಂದು ಅತ್ತೆ ಕೂಸನ್ನು ತನ್ನ ಸೊಂಟಕ್ಕೆ ಏರಿಸಿಕೊಂಡವಳು ಇಳಿಸಲೇ ಇಲ್ಲ. "ಆ ಹಾಲಲ್ಲೇ ರೋಗ ಇಳಿದು ಬರುತ್ತೆ" ಎಂದು ಎದೆಹಾಲನ್ನೂ ಬೇಗನೆ ಬಿಡಿಸಿದ್ದಳು. ಪುಟ್ಟಿಗೆ ಈಗ ಹಲ್ಲು ಬಂದಿವೆ, ಗೋಡೆ ಹಿಡಿದು ನಿಲ್ಲುತ್ತಾಳೆ. ಹೆತ್ತವಳು ಅವಳನ್ನು ನೋಡುವುದು ಹೊಲಿಗೆ ಯಂತ್ರದ ಈಚೆಯಿಂದ. ಊರಿನ ಮಕ್ಕಳಿಗೆಲ್ಲ ಅಳತೆ ತೆಗೆದು ಅಂಗಿ ಹೊಲಿಯುವವಳು ತನ್ನ ಮಗಳ ಅಳತೆಯನ್ನು ಕಣ್ಣಂದಾಜಿನಲ್ಲಿ ತೆಗೆಯುತ್ತಿದ್ದಳು. ಇದರ ಸಂಕಟ ಅವಳೊಬ್ಬಳಿಗೇ ಗೊತ್ತು.

ಗಂಡ ಕಲ್ಲು ಒಡೆಯುವ ಕ್ರಷರಿನಲ್ಲಿ ಕೆಲಸಗಾರ. ಮೈಮೇಲೆ ಬಿಳಿ ಧೂಳು, ಬಾಯಲ್ಲಿ ಮಾತು ಕಡಿಮೆ. ಬಸ್ಸು ಹತ್ತುವ ಮುಂಚೆ ಅತ್ತೆ ಅವನಿಗೆ, ಸೊಸೆಗೂ ಕೇಳಲಿ ಎಂದೇ, ಗಟ್ಟಿಯಾಗಿ ಹೇಳಿದ್ದಳು: "ನೋಡೋ ಮಗಾ, ನಾನು ಮಗೂನೂ ಕಟ್ಟಿಕೊಂಡು ಇವಳ ಜೊತೆ ಹೋಗ್ತೀನಿ. ಭಾನುವಾರ ನೀನು ಬಾ. ಇದು ವಾಸಿಯಾಗೋ ಜಾತಿಯಲ್ಲ ಅಂತ ಡಾಕ್ಟರು ಅಂದುಬಿಟ್ರೆ, ಇಲ್ಲಾ ಇವಳು ಅಲ್ಲೂ ಬಿದ್ರೆ, ಅಲ್ಲಿಂದಲೇ ಇವಳ ಅಣ್ಣನ ಮನೆಗೆ ಕಳಿಸಿಬಿಡು. ಮಗು ನಮ್ಮದು."

ಗಂಡ ಉಗುರಿನ ಧೂಳು ಕೆರೆಯುತ್ತ, "ಸರಿ, ಭಾನುವಾರ ನೋಡೋಣ" ಎಂದಿದ್ದ. ಹೆಂಡತಿಯ ಮುಖ ನೋಡುವ ಧೈರ್ಯ ಆ ಮಹಾನುಭಾವನಿಗೆ ಇರಲಿಲ್ಲ.

ವಾರ್ಡಿನಲ್ಲಿ ಡಾಕ್ಟರು ಬಂದವರೇ ಕೈ ನೋಡಿದರು, ಆಮೇಲೆ ಮುಖ ನೋಡಿದರು.

"ಒಂದು ವರ್ಷದಿಂದ ನಮ್ಮಲ್ಲೇ ಮಾತ್ರೆ ತಗೊಂಡು ಹೋಗ್ತಿದ್ದೀರಿ. ದಿನಾ ನುಂಗ್ತೀರಾ?"

"ದಿನಾ ತಗೋತೀನಿ ಸರ್."

"ಸುಳ್ಳು ಹೇಳಬೇಡಿ. ಸರಿಯಾಗಿ ತಗೊಂಡಿದ್ರೆ ಹೀಗೆ ಪದೇ ಪದೇ ಬೀಳ್ತಿರಲಿಲ್ಲ."

"ಕೇಳಿದ್ರಾ!" ಅತ್ತೆ ಮಗುವನ್ನು ಕಂಕುಳಲ್ಲಿ ಎತ್ತಿ ಕೂರಿಸಿಕೊಂಡು ಮುಂದೆ ಬಂದಳು. "ನಾನೇ ನನ್ನ ಕೈಯಾರೆ ಅರೆದು, ಸಕ್ಕರೆ ಹಾಕಿ, ಹಾಲಲ್ಲಿ ಕಲಸಿ ಕೊಡ್ತೀನಿ ಸ್ವಾಮಿ. ಮಾತ್ರೆ ಪೆಟ್ಟಿಗೇಲಿಟ್ಟು ಬೀಗ ಹಾಕಿರ್ತೀನಿ. ಇವಳು ಹಿತ್ತಲಿಗೆ ಹೋಗಿ ಉಗುಳಿ ಬರ್ತಾಳೇನೋ, ಯಾರು ಕಂಡೋರು? ಇದು ವಾಸಿಯಾಗಲ್ಲ ಅಂತ ಒಂದು ಮಾತು ಹೇಳಿಬಿಡಿ, ನಮ್ಮ ದಾರಿ ನಾವು ನೋಡ್ಕೋತೀವಿ."

"ಯಾರು ಹೇಳಿದ್ದು ವಾಸಿಯಾಗಲ್ಲ ಅಂತ? ಮಾತ್ರೆ ಬಿಡದೆ ತಗೊಂಡ್ರೆ ಎಲ್ಲರ ಹಾಗೆ ಇರ್ತಾರೆ. ಬಿಟ್ಟುಬಿಟ್ಟು ತಗೋಬಾರದು. ಅದರಲ್ಲೂ ದಿಢೀರಂತ ನಿಲ್ಲಿಸಿಬಿಟ್ರೆ ಮೊದಲಿಗಿಂತ ಜೋರಾಗಿ ಬರುತ್ತೆ, ತಿಳೀತಾ?"

ಅತ್ತೆ ತೆರೆದ ಬಾಯನ್ನು ಮುಚ್ಚಿದಳು. ಅವಳ ಬಾಯಿ ತಾನಾಗಿ ಮುಚ್ಚಿದ್ದನ್ನು ಟೈಲರಮ್ಮ ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಡಾಕ್ಟರು ಟೈಲರಮ್ಮನ ಕಡೆ ತಿರುಗಿದರು. "ಮಗು ನಿಮ್ಮದೇ ತಾನೇ? ಎತ್ತಿಕೊಳ್ಳಿ. ನಿಂತುಕೊಂಡು ಬೇಡ, ನೆಲದ ಮೇಲೆ ಕೂತುಕೊಂಡು ಎತ್ತಿಕೊಳ್ಳಿ. ಅಕಸ್ಮಾತ್ ಬಂದರೂ ಮಗುವಿಗೆ ಪೆಟ್ಟಾಗಲ್ಲ."

"ನೆಲದ ಮೇಲೆ ಬಿಟ್ಟು ಆಡಿಸೋಕೆ ಇದೇನು ನಾಯಿಮರೀನಾ?" ಎಂದು ಗೊಣಗಿ ಅತ್ತೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ಡಾಕ್ಟರು ಅಷ್ಟರಲ್ಲಿ ಮುಂದಿನ ಹಾಸಿಗೆಗೆ ಹೋಗಿದ್ದರು.

ಡಾಕ್ಟರಿಗಿಂತ ಆ ವಾರ್ಡು ಹೆದರುತ್ತಿದ್ದದ್ದು ಟಾರ್ಚ್ ಸಿಸ್ಟರಿಗೆ. ಬೆಳಿಗ್ಗೆ ಸಂಜೆ ಮಾತ್ರೆ ತಟ್ಟೆ ಹಿಡಿದು ಬರುವಳು. ಮಾತ್ರೆಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ನೇರ ಬಾಯಿಗೆ. ನೀರು ಕುಡಿಸುವಳು. ಆಮೇಲೆ ಜೇಬಿನಿಂದ ಟಾರ್ಚು ತೆಗೆದು, "ಬಾಯಿ ತೆಗಿ. ನಾಲಿಗೆ ಎತ್ತು. ಕೆನ್ನೆ ಸರಿಸು" ಎಂದು ಕಳ್ಳನ ಮನೆ ಜಪ್ತಿ ಮಾಡುವವಳಂತೆ ಒಳಗೆಲ್ಲ ಬೆಳಕು ಹಾಯಿಸಿ ನೋಡುವಳು. ನಾಲಿಗೆಯಡಿ ಮಾತ್ರೆ ಬಚ್ಚಿಟ್ಟು ಊರಿಗೆ ಸಾಗಿಸಿದ ಜಾಣರನ್ನು ಅವಳು ಬೇಕಾದಷ್ಟು ಕಂಡಿದ್ದಳು. "ಒಬ್ಬರ ಹೆಸರಲ್ಲಿ ಮಾತ್ರೆ, ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನೋದು! ಇದೇನು ಕಡಲೆ ಬೀಜಾನಾ?" ಎಂದು ದಿನಕ್ಕೊಮ್ಮೆಯಾದರೂ ರೇಗುವಳು.

ಮೊದಲ ದಿನ ಟೈಲರಮ್ಮನ ನಾಲಿಗೆಯ ಮೇಲೆ ಮಾತ್ರೆ ಬಿದ್ದಾಗ ಅವಳು ಮುಖ ಕಿವುಚಿದಳು.

"ಯಾಕೆ, ಹೊಸದಾಗಿ ನುಂಗ್ತಿದ್ದೀಯಾ?" ಎಂದಳು ಸಿಸ್ಟರ್.

"ಕಹಿ ಇದೆ."

"ಮಾತ್ರೆ ಮತ್ತಿನ್ನೇನು ಪಾಯಸ ಇರುತ್ತಾ? ನಾಲಿಗೆ ಎತ್ತು."

ಆ ಕಹಿ ಸಂಜೆವರೆಗೂ ಗಂಟಲಲ್ಲೇ ಕೂತಿತ್ತು. ಅದರ ಜೊತೆಗೆ ಒಂದು ಯೋಚನೆಯೂ ಕೂತಿತು. ಮನೆಯಲ್ಲಿ ದಿನವೂ ಕುಡಿದ ಹಾಲು ಸಿಹಿಯಾಗಿತ್ತು. ಬರೀ ಸಿಹಿ. ಅರೆದ ಮಾತ್ರೆ ಸಕ್ಕರೆಯಲ್ಲಿ ಎಷ್ಟು ಮುಚ್ಚಿಹೋದರೂ ಕೊನೆಯ ಗುಟುಕಿನಲ್ಲಾದರೂ ಒಂದಿಷ್ಟು ಕಹಿ ಸಿಗಬೇಕಿತ್ತಲ್ಲ? ಒಂದು ವರ್ಷದಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ಅಂದರೆ ಅತ್ತೆ ಹಾಲಿಗೆ ಮಾತ್ರೆ ಹಾಕುತ್ತಲೇ ಇರಲಿಲ್ಲ. ಎಸೆಯುತ್ತಿದ್ದಳು. ಸೊಸೆ ಬೀಳಲಿ, ಬಿದ್ದು ಬಿದ್ದು ಹಾಳಾಗಲಿ, ತವರಿಗೆ ಹೋಗಲಿ, ಮಗು ತನಗೇ ಉಳಿಯಲಿ ಎಂದು. ಟೈಲರಮ್ಮನಿಗೆ ಬೆಂದ ಕೈಗಿಂತ ಹೊಟ್ಟೆಯ ಉರಿ ಹೆಚ್ಚಾಯಿತು. ಎದ್ದು ಹೋಗಿ ಜುಟ್ಟು ಹಿಡಿದು ಕೇಳಿಬಿಡಲೇ ಅನ್ನಿಸಿತು. ಆದರೆ ಕೂಗಾಡಿದರೆ ಇವಳಿಗೆ ತಲೆಯೂ ಕೆಟ್ಟಿದೆ ಅನ್ನುವುದಕ್ಕೆ ಅತ್ತೆಗೆ ಎಷ್ಟು ಹೊತ್ತು ಬೇಕು? ಭಾನುವಾರ ಗಂಡ ಬರಲಿ, ಅವನೆದುರಿಗೇ ಕೇಳುತ್ತೇನೆ ಎಂದು ಹಲ್ಲು ಕಚ್ಚಿ ಕೂತಳು.

ಮಾರನೆಯ ದಿನ ಪಕ್ಕದ ಹಾಸಿಗೆಯ ಹುಡುಗಿಗೆ ಮೂರ್ಛೆ ಬಂತು. ಮದುವೆಗೆ ಬಂದ ವಯಸ್ಸಿನ ಹುಡುಗಿ. ಅವಳ ಜೊತೆಗಿದ್ದ ತಾಯಿಗೆ ವಾರ್ಡಿನವರು ರೇಡಿಯೋ ಎಂದು ಹೆಸರಿಟ್ಟಿದ್ದರು, ಯಾಕೆಂದರೆ ಅದನ್ನು ಆರಿಸುವ ಗುಂಡಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹುಡುಗಿ ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ಹಿಡಿದ ಕೈ ಪಟ್ಟೆಂದು ಎಗರಿತು, ಬಾಚಣಿಗೆ ಬಿತ್ತು. ಮತ್ತೆ ಎತ್ತಿಕೊಂಡಳು, ಮತ್ತೆ ಕೈ ಎಗರಿತು. ಕಣ್ಣು ಎಲ್ಲೋ ನೆಟ್ಟಿತು. ಆಮೇಲೆ ಇಡೀ ಮೈ ಬಿಗಿದುಕೊಂಡು ಉರುಳಿ, ಕೈಕಾಲು ಬಡಿದುಕೊಳ್ಳತೊಡಗಿತು. ಸಿಸ್ಟರ್ ಓಡಿ ಬಂದು ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯಡಿ ದಿಂಬು ತುರುಕಿ, "ಯಾರೂ ಬಾಯಿಗೆ ಏನೂ ಹಾಕಬೇಡಿ, ಹಿಡಿದು ಅದುಮಬೇಡಿ, ದೂರ ಸರೀರಿ!" ಎಂದು ಎಲ್ಲರನ್ನೂ ಗದರಿಸಿದಳು.

ಟೈಲರಮ್ಮ ಗೋಡೆಗೆ ಒರಗಿ ನೋಡುತ್ತಿದ್ದಳು. ಅಷ್ಟು ಸಲ ಬಿದ್ದಿದ್ದರೂ ಬೀಳುವುದು ಹೇಗಿರುತ್ತದೆಂದು ಅವಳು ನೋಡಿರಲಿಲ್ಲ. ಬಿದ್ದವರಿಗೆ ಅದು ಕಾಣುವುದೇ ಇಲ್ಲ. ನನ್ನ ಗಂಡ ನೋಡಿದ್ದು ಇದನ್ನೇ, ಪುಟ್ಟಿ ನೋಡಿದ್ದು ಇದನ್ನೇ ಎಂದುಕೊಂಡಾಗ ಅವಳಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂತು. ಹುಡುಗಿ ಸುಸ್ತಾಗಿ ನಿದ್ದೆ ಹೋದಳು. ಸಿಸ್ಟರ್ ಅವಳ ಬಾಯಿ ತೆಗೆದು ನೋಡಿ, "ನಾಲಿಗೆ ಅಂಚು ಕಚ್ಚಿಕೊಂಡಿದ್ದಾಳೆ. ಜಾರಿ ಬಿದ್ದೋರಿಗೆ ಹೀಗಾಗಲ್ಲ, ಇದರಲ್ಲೇ ಗೊತ್ತಾಗೋದು" ಎಂದು ರಕ್ತ ಒರೆಸಿದಳು.

ಅಂದಿನಿಂದ ಟೈಲರಮ್ಮ ವಾರ್ಡಿನ ಮೈಗಳನ್ನು ನೋಡತೊಡಗಿದಳು. ಅಲ್ಲಿ ಗಾಯವಿಲ್ಲದ ಮೈ ಇರಲಿಲ್ಲ. ಒಲೆಯ ಮೇಲೆ ಬಿದ್ದವರು, ಬಾವಿಯ ಕಟ್ಟೆಗೆ ಬಡಿದುಕೊಂಡವರು, ಗದ್ದ ಒಡೆದು ಹೊಲಿಗೆ ಹಾಕಿಸಿಕೊಂಡವರು. ಹೊಲಿಗೆಯವಳ ಕಣ್ಣಿಗೆ ಆ ಹೊಲಿಗೆಗಳೆಲ್ಲ ಅವಸರದಲ್ಲಿ ಹಾಕಿದವು ಎಂದು ಕಾಣುತ್ತಿತ್ತು. ಅತ್ತೆಯ ಗದ್ದದ ಕೆಳಗೂ ಅಂಥದೇ ಒಂದು ಹಳೆಯ ಗೆರೆ ಇತ್ತು, ಮುಂಗೈಯಲ್ಲಿ ಬೆಂದು ಮಾಗಿದ ಕಲೆಯಿತ್ತು. ಅದು ಕುದಿಯುವ ಪಾತ್ರೆ ಜಾರಿ ಆದದ್ದೆಂದು ಅತ್ತೆ ಯಾವಾಗಲೋ ಹೇಳಿದ್ದಳು. ಟೈಲರಮ್ಮ ಅದನ್ನು ನಂಬಿದ್ದಳು, ಈಗಲೂ ನಂಬಿದಳು.

ಅತ್ತೆಗೆ ಮಾತ್ರ ಆಸ್ಪತ್ರೆ ದಿನದಿಂದ ದಿನಕ್ಕೆ ಮುಳ್ಳಾಗುತ್ತಿತ್ತು. ಸಿಸ್ಟರ್ ಬಂದಾಗಲೆಲ್ಲ ಅವಳ ಕಣ್ಣು ಮಾತ್ರೆಯ ತಟ್ಟೆಯ ಮೇಲೆ.

"ಸಿಸ್ಟರಮ್ಮಾ, ಇವಳಿಗೆ ಹಾಗೇ ನುಂಗಿ ಅಭ್ಯಾಸ ಇಲ್ಲ. ನನ್ನ ಕೈಲಿ ಕೊಡಿ, ಅರೆದು ಹಾಲಲ್ಲಿ ಕುಡಿಸ್ತೀನಿ."

"ನಿಮ್ಮ ಕೈಲಿ ಒಂದು ವರ್ಷ ಕೊಟ್ಟು ನೋಡಿದ್ದಾಯ್ತಲ್ಲ, ಕೈ ಬೆಂದು ಬಂದಿದ್ದಾಳೆ. ದೂರ ಕೂತ್ಕೊಳ್ಳಿ."

"ನಾನೇನು ವಿಷ ಹಾಕ್ತೀನಾ?"

"ನನಗೇನು ಗೊತ್ತು? ಟೈಲರಮ್ಮ, ಬಾಯಿ ತೆಗಿ."

ಅತ್ತೆ ಅಂದು ಮಧ್ಯಾಹ್ನ ಊಟ ಮುಟ್ಟಲಿಲ್ಲ. ಡಾಕ್ಟರನ್ನು ಹಿಡಿದು, ಮನೆಗೆ ಕಳಿಸಿಬಿಡಿ, ಮಾತ್ರೆ ಕಟ್ಟಿಕೊಡಿ ಎಂದು ಗೋಗರೆದಳು, ಆಗುವುದಿಲ್ಲವೆಂದಾಗ ಜಗಳಕ್ಕೆ ಬಿದ್ದಳು. ರೇಡಿಯೋ ಹತ್ತಿರ ಹೋಗಿ ಕೂತು, ಸೊಸೆಯ ಏಳು ತಲೆಮಾರನ್ನು ಜಾಲಾಡಿದಳು. ರೇಡಿಯೋ ತಲೆದೂಗಿ ತಲೆದೂಗಿ ಕೇಳಿ, ವಾರ್ಡಿಗೆಲ್ಲ ಬಿತ್ತರಿಸಿದಳು. ಸಂಜೆಯ ಹೊತ್ತಿಗೆ ಹಾಸಿಗೆ ಹಾಸಿಗೆಯಲ್ಲೂ ಟೈಲರಮ್ಮ ಮಾತ್ರೆ ಉಗುಳುವವಳು, ಮಗುವನ್ನು ಕೊಲ್ಲಲು ಹೊರಟವಳು ಆಗಿದ್ದಳು. ನಲ್ಲಿಯ ಹತ್ತಿರ ಹೋದರೆ ಹೆಂಗಸರು ಬಿಂದಿಗೆ ಎಳೆದುಕೊಳ್ಳುತ್ತಿದ್ದರು. ಅವರೂ ಬೀಳುವವರ ತಾಯಂದಿರೇ, ಅಕ್ಕತಂಗಿಯರೇ! ಹೊರಗಿನವರು ತಮಗೆ ಮಾಡಿದ್ದನ್ನು ಒಳಗೆ ಯಾರಿಗಾದರೂ ಮಾಡಿ ತೀರಿಸಿಕೊಳ್ಳಬೇಕಿತ್ತಲ್ಲ, ಟೈಲರಮ್ಮ ಸಿಕ್ಕಿದಳು.

ಟೈಲರಮ್ಮ ಮಾತ್ರ ಬೀಳಲಿಲ್ಲ. ಬಂದಾಗಿನಿಂದ ಒಂದು ಸಲವೂ ಬೀಳಲಿಲ್ಲ. ತಲೆ ತಿಳಿಯಾಗಿತ್ತು. ಎಷ್ಟು ತಿಳಿಯಾಗಿತ್ತೆಂದರೆ, ಶನಿವಾರ ಅತ್ತೆ ಗಂಜಿಯ ಬಟ್ಟಲನ್ನು ಕೈಯಿಂದ ಬೀಳಿಸಿದ್ದೂ, "ಹಾಳು ಬಟ್ಟಲು, ಜಾರುತ್ತೆ" ಎಂದದ್ದೂ, ಇನ್ನೊಂದು ಸಲ ಮಾತಿನ ನಡುವೆ ಸುಮ್ಮನೆ ಗೋಡೆ ನೋಡುತ್ತ ನಿಂತದ್ದೂ ಅವಳ ಕಣ್ಣಿಗೆ ಬಿತ್ತು. ಭಾನುವಾರದ ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತಿದ್ದವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಭಾನುವಾರ ಬಸ್ಸು ಬರುವ ಹೊತ್ತು. ಹೆರಿಗೆ ವಾರ್ಡಿನಲ್ಲಿ ಏನೋ ಕಷ್ಟದ ಹೆರಿಗೆಯೆಂದು ಸಿಸ್ಟರ್ ಅಲ್ಲಿಗೆ ಹೋಗಿದ್ದಳು. ಅತ್ತೆ ಮಗುವಿನ ಬಟ್ಟೆ ತೊಳೆಯಲು ಹಿಂಬದಿಯ ನೀರಿನ ತೊಟ್ಟಿಯ ಹತ್ತಿರ ಹೋದಳು. ಸೊಂಟದಲ್ಲಿ ಪುಟ್ಟಿ. ಎದುರಿಗೆ ಬಟ್ಟೆ ಒಗೆಯುವ ಕಲ್ಲು, ಕಾಲಡಿ ಒದ್ದೆ ಸಿಮೆಂಟು. ಟೈಲರಮ್ಮನೂ ಹಿಂದೆಯೇ ಹೋದಳು. ಗಂಡ ಬರುವುದರೊಳಗೆ ಒಂದು ಸಲ ಮುಖಕ್ಕೆ ಮುಖ ಕೊಟ್ಟು ಕೇಳಿಬಿಡುವ ಆಸೆ ತಡೆಯಲಾಗಲಿಲ್ಲ.

"ಅತ್ತೆ, ನನ್ನ ಮಾತ್ರೆ ಏನು ಮಾಡ್ತಿದ್ರಿ?"

ಅತ್ತೆ ತಿರುಗಿದಳು. "ಏನಂದೆ?"

"ಹಾಲಲ್ಲಿ ಮಾತ್ರೆ ಇರಲಿಲ್ಲ. ಎಲ್ಲಿ ಎಸೀತಿದ್ರಿ, ಹೇಳಿ."

"ಬಾಯಿ ಮುಚ್ಚು! ಬೀಳೋಳಿಗೆ ಮಾತು ಬೇರೆ ಬಂ..." ಅತ್ತೆಯ ಬಲಗೈ ಪಟ್ಟೆಂದು ಎಗರಿತು. ಹಿಡಿದಿದ್ದ ಬಟ್ಟೆ ಬಿತ್ತು. ಅವಳು ಬಗ್ಗಲಿಲ್ಲ. ಕಣ್ಣು ಟೈಲರಮ್ಮನನ್ನು ದಾಟಿ ಎಲ್ಲೋ ನೆಟ್ಟಿತು. ಕೈ ಮತ್ತೆ ಎಗರಿತು.

ಬಾಚಣಿಗೆ ಹಿಡಿದ ಹುಡುಗಿಯ ಕೈ! ಟೈಲರಮ್ಮ ಯೋಚಿಸಲಿಲ್ಲ. ಬೆಂದ ಕೈಯನ್ನೂ ಮರೆತು ಮುಂದಕ್ಕೆ ಹಾರಿ ಮಗುವನ್ನು ಅತ್ತೆಯ ಸೊಂಟದಿಂದ ಕಿತ್ತುಕೊಂಡಳು. ಪುಟ್ಟಿ ಚಿಟ್ಟನೆ ಚೀರಿತು. ಅದೇ ಉಸಿರಿಗೆ ಅತ್ತೆ ಕಡಿದ ಮರದಂತೆ ಬಿದ್ದಳು. ತಲೆ ಕಲ್ಲಿನ ಅಂಚನ್ನು ಸವರಿಕೊಂಡು ಸಿಮೆಂಟಿಗೆ ಬಡಿಯಿತು. ಮೈಯೆಲ್ಲ ಅದುರಿತು, ಕಾಲು ನೀರಿನಲ್ಲಿ ಬಡಿದುಕೊಂಡವು.

ಟೈಲರಮ್ಮನಿಗೆ ಆಗ ಎಲ್ಲವೂ ಒಟ್ಟಿಗೇ ಹೊಳೆಯಿತು. ಗದ್ದದ ಗೆರೆ, ಮುಂಗೈಯ ಕಲೆ, ಬೀಗ ಹಾಕಿದ ಪೆಟ್ಟಿಗೆ. ಅತ್ತೆ ಮಾತ್ರೆ ಎಸೆದಿರಲಿಲ್ಲ. ತಿಂದಿದ್ದಳು. ಒಂದು ವರ್ಷ ಸೊಸೆಗೆ ಸಕ್ಕರೆ ಹಾಲು ಕುಡಿಸಿ, ಕಹಿಯನ್ನು ತಾನು ನುಂಗಿದ್ದಳು. ಪೆಟ್ಟಿಗೆ ಮನೆಯಲ್ಲೇ ಉಳಿದಿತ್ತು; ಇಲ್ಲಿ ಟಾರ್ಚಿನ ಬೆಳಕಿನಲ್ಲಿ ಸೊಸೆಯ ಮಾತ್ರೆ ಅವಳ ಬಾಯಿಗೆ ದಾರಿ ಕಾಣಲಿಲ್ಲ.

ಮಗುವನ್ನು ಒಂದು ಕೈಯಲ್ಲಿ ಅವಚಿಕೊಂಡೇ ಅವಳು ಮಂಡಿಯೂರಿದಳು. ಅದುರಾಟ ನಿಲ್ಲುತ್ತಿದ್ದಂತೆ ಸಿಸ್ಟರ್ ಮಾಡಿದ ಹಾಗೆ ಅತ್ತೆಯ ಹೆಗಲಿಗೆ ಕೈಕೊಟ್ಟು ಮಗ್ಗುಲಿಗೆ ಹೊರಳಿಸಲು ಬಲವಾಗಿ ನೂಕಿದಳು. ಅಷ್ಟರಲ್ಲಿ ಬಕೆಟ್ ಹಿಡಿದು ಬಾಗಿಲಿಗೆ ಬಂದ ರೇಡಿಯೋ ಕಂಡದ್ದು ಆ ನೂಕುವುದನ್ನು.

"ಅಯ್ಯಯ್ಯೋ, ಬನ್ರಪ್ಪಾ! ಅತ್ತೇನ ಕೆಡವಿ ಕೊಲ್ತಿದ್ದಾಳೆ! ಮಗು ಕಿತ್ಕೊಂಡು ಕೆಡವಿದಳು!"

ಜನ ನೆರೆಯಿತು. ಒಬ್ಬಳು ಟೈಲರಮ್ಮನ ತೋಳು ಹಿಡಿದು ಎಳೆದಳು, ಇನ್ನೊಬ್ಬಳು ಮಗುವಿಗೆ ಕೈ ಹಾಕಿದಳು. ಟೈಲರಮ್ಮ ಕೊಡಲಿಲ್ಲ. ಎಳೆದಾಟದಲ್ಲಿ ಕೈಯ ಕಟ್ಟು ಬಿಚ್ಚಿ ಹಸಿ ಚರ್ಮ ಉಜ್ಜಿಹೋಯಿತು, ಆದರೂ ಕೊಡಲಿಲ್ಲ. "ಮುಟ್ಟಿದ್ರೆ ನೋಡಿ!" ಎಂದು ಅವಳು ಹಾಕಿದ ಕೂಗಿಗೆ ಅವಳೇ ಬೆಚ್ಚಿದಳು. ಇಬ್ಬರು ಸೇರಿ ಅತ್ತೆಯನ್ನು ಎತ್ತಿ ತಂದು ಹಾಸಿಗೆಯ ಮೇಲೆ, ಬೀಳುವವರ ಹಾಸಿಗೆಯ ಮೇಲೆ, ಮಲಗಿಸಿದರು.

ಆ ಹೊತ್ತಿಗೆ ಬಸ್ಸು ಬಂದು ಹೊಗೆ ಉಗುಳಿ ಹೋಗಿತ್ತು. ಗಂಡ ಒಳಗೆ ಕಾಲಿಟ್ಟಾಗ ಅವನಿಗೆ ಕಂಡದ್ದು ಹಣೆಯಲ್ಲಿ ರಕ್ತ ಮೆತ್ತಿಕೊಂಡು ಮಂಕಾಗಿ ಬಿದ್ದಿದ್ದ ಅಮ್ಮ, ಗೋಡೆಗೆ ಬೆನ್ನು ಕೊಟ್ಟು ಮಗುವನ್ನು ಬಿಗಿಹಿಡಿದು ಕೂತ ಹೆಂಡತಿ, ನಡುವೆ ನಿಂತು ಬಿತ್ತರಿಸುತ್ತಿದ್ದ ರೇಡಿಯೋ.

"ಕಣ್ಣಾರೆ ಕಂಡೆ ಕಣಪ್ಪಾ! ಎರಡು ಕೈಯಲ್ಲೂ ನೂಕಿದಳು!"

ಮಾತು ಕಡಿಮೆಯವನಿಗೆ ಆಗ ಮಾತು ಬಂತು. "ಏನೇ ಮಾಡಿದೆ ನಮ್ಮಮ್ಮಂಗೆ? ಮಗು ಕೊಡಿಲ್ಲಿ! ಇವತ್ತೇ, ಈಗಲೇ ಹೊರಡು ನಿಮ್ಮಣ್ಣನ ಮನೆಗೆ!" ಎಂದು ಕೈಯೆತ್ತಿಕೊಂಡು ಬಂದ.

ಟೈಲರಮ್ಮ ಮಗುವಿನ ಸಮೇತ ಸರಿದು ಅತ್ತೆಯ ಪಕ್ಕಕ್ಕೆ ಬಂದು ಕೂತಳು. ಅತ್ತೆಗೆ ಆಗಷ್ಟೇ ಪ್ರಜ್ಞೆ ತಿಳಿಯಾಗುತ್ತಿತ್ತು. ಕಣ್ಣು ಮೊದಲು ಮಗನನ್ನು ಕಂಡಿತು, ಆಮೇಲೆ ಸೊಸೆಯನ್ನು, ಆಮೇಲೆ ತಾನು ಮಲಗಿದ್ದ ನೆಲದ ಹಾಸಿಗೆಯನ್ನು. ಎಲ್ಲಿದ್ದೇನೆಂದು ಗೊತ್ತಾದ ಕೂಡಲೇ ಮುಖ ಬಿಗಿಯಿತು.

"ಅಮ್ಮಾ, ಇವಳು ನೂಕಿದಳಾ? ನೀನೊಂದು ಮಾತು ಹೇಳು ಸಾಕು" ಎಂದ ಮಗ.

ಅತ್ತೆಯ ತುಟಿ ಅಲುಗಿತು. ಹೂಂ ಎಂದುಬಿಡುವವಳಿದ್ದಳು. ಟೈಲರಮ್ಮನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳು ರಕ್ತ ಒರೆಸುವವಳ ಹಾಗೆ ಬಗ್ಗಿ, ಅತ್ತೆಯ ಕಿವಿಗಷ್ಟೇ ಕೇಳುವಂತೆ ಹೇಳಿದಳು.

"ಬಾಯಿ ತೆಗೀರಿ ಅತ್ತೆ. ನಾಲಿಗೆ ತೋರಿಸಿ ಮಗನಿಗೆ."

ಅತ್ತೆಯ ದವಡೆ ಕಚ್ಚಿಕೊಂಡಿತು. ತುಟಿಯ ಮೂಲೆಯಲ್ಲಿ ಕೆಂಪಗೆ ಒಂದು ಗೆರೆ ಜಿನುಗುತ್ತಿತ್ತು. ಅದನ್ನು ಅವಳು ಒಳಕ್ಕೆ ಎಳೆದು ನುಂಗಿದಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು. ಮದುವೆಯಾದಾಗಿನಿಂದ ಅವರು ಅಷ್ಟು ಹತ್ತಿರದಿಂದ ನೋಡಿಕೊಂಡಿರಲಿಲ್ಲ. ಆ ನೋಟದಲ್ಲಿ ಪ್ರೀತಿಯ ಸೋಂಕೂ ಇರಲಿಲ್ಲ.

"ಕಾಲು ಜಾರಿತು" ಎಂದಳು ಅತ್ತೆ, ಹಲ್ಲು ಬಿಡಿಸದೆ. "ಒದ್ದೆ ಇತ್ತು. ಇವಳು... ಮಗೂನ ಹಿಡ್ಕೊಂಡಳು."

"ಮತ್ತೆ ಇವರು ನೂಕಿದಳು ಅಂತಾರೆ?"

"ಎಬ್ಬಿಸೋಕೆ ಬಂದಳು. ಆ ಹೆಂಗಸಿಗೇನು, ಕಣ್ಣೂ ಇಲ್ಲ ಕಿವೀನೂ ಇಲ್ಲ, ಬರೀ ಬಾಯಿ." ಒಂದು ಉಸಿರು ಬಿಟ್ಟು, ಬೇಡದ ಔಷಧಿ ಉಗುಳುವಂತೆ ಹೇಳಿದಳು: "ಮಗು ಅವಳ ಹತ್ರಾನೇ ಇರಲಿ. ಅವಳನ್ನ ಎಲ್ಲಿಗೂ ಕಳಿಸಬೇಡ."

ರೇಡಿಯೋ ಮೊದಲ ಸಲ ಆರಿತು. ಗಂಡ ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ. ಬಸ್ಸು ಮರುದಿನವೇ ಇದ್ದದ್ದು. ಅವನು ಮಲಗಲು ಹೊರಗಿನ ಜಗಲಿಗೆ ಹೋದ ಮೇಲೆ ಅತ್ತೆ ಸೊಸೆಯರಿಗೆ ಮಾತಿಗೆ ಬಿಡುವಾಯಿತು. ಇಬ್ಬರೂ ದನಿ ಏರಿಸಲಿಲ್ಲ.

"ಒಂದು ವರ್ಷ ನನ್ನ ಮಾತ್ರೆ ತಿಂದ್ರಿ. ಈ ಕೈ ನೋಡಿ. ಕತ್ತರಿ ಹಿಡಿಯೋಕಾಗುತ್ತೋ ಇಲ್ವೋ ಗೊತ್ತಿಲ್ಲ."

"ನಿನ್ನ ಮಾವ ಇರೋತನಕ ಎಲ್ಲಿಂದಲೋ ತಂದು ಕೊಡ್ತಿದ್ರು. ನನ್ನ ಅತ್ತೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಮಗನಿಗೂ. ಅವರು ಹೋದ ಮೇಲೆ ನಿಂತುಹೋಯ್ತು. ಒಬ್ಬಳೇ ಇದ್ದಾಗ ಬೀಳ್ತಿದ್ದೆ, ಒಬ್ಬಳೇ ಎದ್ದುಕೊಳ್ತಿದ್ದೆ. ಆಮೇಲೆ ನೀನು ಬಿದ್ದೆ. ಮನೆಗೆ ಮಾತ್ರೆ ಬಂತು."

"ನನಗೂ ಬೇಕು ಅಂತ ಡಾಕ್ಟರನ್ನ ಕೇಳೋಕೆ ಏನಾಗಿತ್ತು ನಿಮಗೆ?"

"ಕೇಳಿದ್ರೆ ಮಗೂನ ನನ್ನ ಕೈಗೆ ಯಾರು ಕೊಡ್ತಿದ್ರು?" ಅತ್ತೆ ಗೋಡೆಯ ಕಡೆಗೆ ತಿರುಗಿಕೊಂಡಳು. "ನನ್ನ ಅತ್ತೆ ನನಗೆ ನನ್ನ ಮಗನ್ನ ಕೊಟ್ಟಿರಲಿಲ್ಲ. ಶಾಲೆಗೆ ಹೋಗೋ ಹೊತ್ತಿಗೆ ಅವನು ಅವಳನ್ನೇ ಅಮ್ಮ ಅಂತ ಕರೀತಿದ್ದ. ನನಗೆ ಒಂದು ಮಗೂನ ಎತ್ತಿಕೊಳ್ಳಬೇಕಿತ್ತು, ಅಷ್ಟೇ."

ಟೈಲರಮ್ಮನಿಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಇಷ್ಟು ದಿನದ್ದೆಲ್ಲ ಸೇರಿ ಬಂತು.

"ಹಾಗಾದ್ರೆ ನಿಮಗೆ ಗೊತ್ತಿತ್ತು! ಹೇಗಿರುತ್ತೆ ಅಂತ ಗೊತ್ತಿದ್ದೂ ನನಗೆ ಮಾಡಿದ್ರಿ. ಗೊತ್ತಿಲ್ಲದೆ ಮಾಡಿದ್ರೆ ಹೋಗಲಿ ಅಂತಿದ್ದೆ."

ಅತ್ತೆ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡಳು.

"ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಸಾಲಲ್ಲಿ ನಿಂತ್ಕೋತೀರಿ. ನನ್ನ ಮಾತ್ರೆ ನನಗೆ, ನಿಮ್ಮದು ನಿಮಗೆ. ನಿಂತ್ಕೊಳ್ಳಲ್ಲ ಅಂದ್ರೆ ಮಗನ ಎದುರಿಗೇ ಬಾಯಿ ತೆಗೆಸ್ತೀನಿ."

"ನಿನ್ನ ಬಾಯಿಗೆ ಮಣ್ಣು ಹಾಕ."

"ಹಾಕಿ. ಮೊದಲು ಮಾತ್ರೆ ಹಾಕ್ಕೊಳ್ಳಿ."

ಬೆಳಿಗ್ಗೆ ಅತ್ತೆ ಮುಖದ ತುಂಬ ಬಟ್ಟೆ ಎಳೆದುಕೊಂಡು ಸಾಲಿನಲ್ಲಿ ನಿಂತಳು. ಹಿಂದೆ ಪೊಲೀಸಿನವಳಂತೆ ಟೈಲರಮ್ಮ, ಪುಟ್ಟಿಯ ಕೈ ಹಿಡಿದು ನಡೆಸಿಕೊಂಡು. ಜಗಲಿಯ ಆ ತುದಿಯಲ್ಲಿ ಮಗ ಬೀಡಿ ಸೇದುತ್ತ, ಅಮ್ಮ ಹಣೆಯ ಗಾಯ ತೋರಿಸಲು ನಿಂತಿದ್ದಾಳೆಂದುಕೊಂಡಿದ್ದ. ಡಾಕ್ಟರ ಕೋಣೆಯ ಬಾಗಿಲು ಮುಚ್ಚಿತು. ಒಳಗೆ ಅತ್ತೆ ಏನು ಹೇಳಿದಳೋ, ಬಹಳ ಹೊತ್ತು ಹಿಡಿಯಿತು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಅವಳದೇ ಮಾತ್ರೆಗಳಿದ್ದವು.

"ಇಲ್ಲೇ ನುಂಗಿ" ಎಂದಳು ಟೈಲರಮ್ಮ.

ಅತ್ತೆ ಕೆಂಡದ ಕಣ್ಣಿನಿಂದ ನೋಡುತ್ತಲೇ ನುಂಗಿದಳು. ನೀರು ಕುಡಿದಳು.

"ಬಾಯಿ."

ತೆಗೆದಳು. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಊದಿಕೊಂಡಿತ್ತು. ಟೈಲರಮ್ಮ ಅದನ್ನು ನೋಡಿದಳು. ಪ್ರತಿ ಸಲ ಎದ್ದಾಗ ತನ್ನ ಬಾಯಲ್ಲಿ ಉರಿಯುತ್ತಿದ್ದದ್ದೂ ಅದೇ ಜಾಗದಲ್ಲಿ.

ಆಗ ಪುಟ್ಟಿ ಅಮ್ಮನ ಕೈ ಕೊಸರಿಕೊಂಡು ಅಜ್ಜಿಯ ಕಡೆಗೆ ತೋಳು ಚಾಚಿ ಅಳತೊಡಗಿತು. ಅದಕ್ಕೆ ಗೊತ್ತಿದ್ದದ್ದು ಆ ಸೊಂಟ ಒಂದೇ. ಗೆದ್ದು ತಂದ ಮಗು ಸೋತವಳನ್ನು ಕೇಳುತ್ತಿತ್ತು. ಅತ್ತೆಯ ಕೈಗಳು ಅಭ್ಯಾಸಬಲದಿಂದ ಮುಂದೆ ಬಂದವು, ಸೊಸೆಯ ಮುಖ ಕಂಡು ಅರ್ಧಕ್ಕೇ ನಿಂತವು.

ಟೈಲರಮ್ಮ ಪುಟ್ಟಿಯ ಕಣ್ಣೊರೆಸಿದಳು. ಮಗು ಅಳುತ್ತಲೇ ಇತ್ತು.

"ನಿಂತುಕೊಂಡು ಕೊಡಲ್ಲ" ಎಂದಳು ಕೊನೆಗೆ. "ಕೆಳಗೆ ಕೂತ್ಕೊಳ್ಳಿ."

ಅತ್ತೆ ಸುತ್ತಲಿನ ಜನರನ್ನು ನೋಡಿದಳು. ಸಾಲಿನವರೆಲ್ಲ ಇತ್ತಲೇ ನೋಡುತ್ತಿದ್ದರು, ಜಗಲಿಯ ತುದಿಯಿಂದ ಮಗನೂ ನೋಡುತ್ತಿದ್ದ. ಅವಳು ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತಳು. ಟೈಲರಮ್ಮನೂ ಅವಳೆದುರಿಗೆ ಕಾಲು ಮಡಿಸಿ ಕೂತು, ಮಗುವನ್ನು ನಡುವೆ ಬಿಟ್ಟಳು.